ಪಕ್ಕದ ಪಂಜರದ ಗಂಡು

ಫೆಬ್ರುವರಿ ೫, ಸೋಮವಾರ

ಮಾಜಿ ಗಂಡನ ಮೇಲೆ ತೀರ್ಪು ಕೊಡುವ ಭಾಗ್ಯ ಎಷ್ಟು ಹೆಂಗಸರಿಗೆ ಸಿಕ್ಕೀತು? ನನಗೆ ಇವತ್ತು ಸಿಕ್ಕಿತು. ನಿರ್ದೇಶಕರೇ ಕರೆದು, ಕೂರಿಸಿ, ಚಹಾ ಕೊಟ್ಟು ಒಪ್ಪಿಸಿದರು.

ನಮ್ಮ ಸಂಸ್ಥೆಯ ಇಲಿಮನೆ ನೋಡಿಕೊಳ್ಳುವವನು ಅವನು. ಆ ಇಲಿಗಳ ಕಣ್ಣಿನ ಮಸೂರದೊಳಗಿನ ಪ್ರೋಟೀನುಗಳನ್ನು ನೋಡುವವಳು ನಾನು. ಅವನದು ನೆಲಮಾಳಿಗೆ, ನನ್ನದು ಎರಡನೇ ಮಹಡಿ. ಮದುವೆಯೇನೋ ಮುರಿಯಿತು, ಇಬ್ಬರೂ ಸಂಬಳ ತೆಗೆದುಕೊಳ್ಳುವ ಕಟ್ಟಡ ಮುರಿಯಲಿಲ್ಲ. ಇಲ್ಲಿ ಎಲ್ಲರೂ ಅವನನ್ನು ಸರ್ ಎನ್ನುತ್ತಾರೆ. ನಾನು ಮನಸ್ಸಿನಲ್ಲೇ ಇಲಿಯಪ್ಪ ಎನ್ನುತ್ತೇನೆ.

ನಾನು ಬಿಟ್ಟು ಬಂದ ಮರುವರ್ಷ ಅವನ ಕರಿ ಇಲಿಗಳ ಒಂದು ಸಂಸಾರದಲ್ಲಿ ನನಗೊಂದು ವಿಚಿತ್ರ ಕಂಡಿತ್ತು. ಮಸೂರವನ್ನು ಅರೆದು, ಅದರ ರಸವನ್ನು ಜೆಲ್ಲಿನ ಹಾಳೆಯ ಮೇಲೆ ವಿದ್ಯುತ್ತಿನಿಂದ ಓಡಿಸಿ, ನೀಲಿ ಬಣ್ಣ ಹಾಕಿದರೆ ಒಂದೊಂದು ಪ್ರೋಟೀನೂ ಒಂದೊಂದು ಪಟ್ಟೆಯಾಗಿ ನಿಲ್ಲುತ್ತದೆ. ಇವುಗಳಲ್ಲಿ ಒಂದು ಪಟ್ಟೆ ಇರಬೇಕಾದ ಜಾಗಕ್ಕಿಂತ ಕೊಂಚ ಕೆಳಗಿತ್ತು. ತಾಯಿಯಿಂದ ಮರಿಗೆ, ಮರಿಯಿಂದ ಅದರ ಮರಿಗೆ ಹಾಗೇ ಇಳಿದು ಬಂತು. ಕಣ್ಣಿಗೆ ಏನೂ ಕೇಡಿಲ್ಲ, ಪೊರೆಯಿಲ್ಲ, ಕುರುಡಿಲ್ಲ. ವಂಶದಲ್ಲೇ ಹುಟ್ಟಿದ ಹೊಸ ಭೇದ ಎಂದು ಬರೆದೆ. ಹೊರಗೆ ನಾಲ್ಕು ಜನಕ್ಕೆ ನಾನು ಗೊತ್ತಿದ್ದರೆ ಅದು ಆ ಪಟ್ಟೆಯಿಂದ. ಬೇರೆ ಆಸ್ತಿ ನನಗಿಲ್ಲ.

ಈಗ ಹೊರಗಿನಿಂದ ಒಬ್ಬ ಹೊಸ ವಿಜ್ಞಾನಿ ಬಂದಿದ್ದಾನೆ. ನೀರು ಕೇಳಿದರೂ ಸ್ಲೈಡ್ ಹಾಕಿ ತೋರಿಸುವ ಜಾತಿ. ಸ್ಲೈಡ್‌ರಾಯ ಎಂದು ನಾನೇ ನಾಮಕರಣ ಮಾಡಿದ್ದೇನೆ. ಅವನ ಪ್ರಕಾರ ಅದು ಭೇದವೂ ಅಲ್ಲ ಮಣ್ಣೂ ಅಲ್ಲ. ಪಕ್ಕದ ಸಾಲಿನಲ್ಲಿ ಇನ್ನೊಂದು ವಂಶವಿದೆ, ಅದೂ ಕರಿಯದೇ, ಅದರ ಪಟ್ಟೆಯೂ ಕೆಳಗೇ ನಿಲ್ಲುತ್ತದೆ. ಆ ಪಂಜರದ ಗಂಡು ಎಂದೋ ಒಂದು ದಿನ ಇತ್ತ ನುಗ್ಗಿದೆ, ಕೆಲಸ ಮುಗಿಸಿದೆ. ಬಣ್ಣ ಒಂದೇ ಆದ್ದರಿಂದ ಯಾರಿಗೂ ಗೊತ್ತಾಗಿಲ್ಲ. ಇದು ನಿಜವಾದರೆ ಇಲಿಗಳನ್ನೆಲ್ಲ ಮುಗಿಸಿ, ಇಲಿಮನೆಗೆ ಬೀಗ ಹಾಕಿ, ಇಲಿಯಪ್ಪನನ್ನು ಮನೆಗೆ ಕಳಿಸುತ್ತಾರೆ.

"ಪರೀಕ್ಷೆ ನೀವೇ ಮಾಡಿ ಮೇಡಂ," ಎಂದರು ನಿರ್ದೇಶಕರು. "ನೀವು ಅವರ ಪರ ವಹಿಸ್ತೀರಿ ಅಂತ ಈ ಕಟ್ಟಡದಲ್ಲಿ ಒಬ್ಬರೂ ಹೇಳಲ್ಲ."

"ನನ್ನ ಪಟ್ಟೆನೂ ಅದರ ಜೊತೆಗೇ ಹೋಗುತ್ತಲ್ಲ ಸರ್."

"ಅದಕ್ಕೇ ಹೇಳಿದ್ದು. ತಕ್ಕಡಿ ಸಮ ಇದೆ."

ಇಂಥ ಬುದ್ಧಿವಂತಿಕೆಗೇ ಇವರನ್ನು ನಿರ್ದೇಶಕರನ್ನಾಗಿ ಮಾಡಿರಬೇಕು. ಅವನು ಅಜಾಗರೂಕ ಎಂದು ಸಾಬೀತಾದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ, ಕೆಲಸ ಮಣ್ಣುಪಾಲಾಗುತ್ತದೆ. ನನ್ನ ಕೆಲಸ ಉಳಿಯಬೇಕಾದರೆ ಅವನು ಒಳ್ಳೆಯ ಕೆಲಸಗಾರ ಎಂದು ನಾನೇ ಕೈಯಾರೆ ಬರೆಯಬೇಕು. ಮನೆಗೆ ಬಂದು ಮಗಳಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು.

ಫೆಬ್ರುವರಿ ೭, ಬುಧವಾರ

ನೆಲಮಾಳಿಗೆಗೆ ಇಳಿದೆ. ಚಪ್ಪಲಿ ಬಿಡು, ಬೇರೆ ಚಪ್ಪಲಿ ಹಾಕು, ಗೌನು ಹಾಕು, ಕೈ ತೊಳೆ, ಇನ್ನೊಮ್ಮೆ ತೊಳೆ. ಅಷ್ಟೆಲ್ಲ ಮಾಡಿ ಒಳಗೆ ಹೋದರೆ ಇಲಿಯಪ್ಪ ಒಂದು ಮರಿಯ ಬಾಲ ಹಿಡಿದುಕೊಂಡು ನಿಂತಿದ್ದ. ನನ್ನ ಕಡೆ ನೋಡಲಿಲ್ಲ. ಹೊಸದೇನಲ್ಲ.

ಶುದ್ಧ ವಂಶ ಎಂದರೆ ಅಣ್ಣನಿಗೆ ತಂಗಿಯನ್ನೇ ಕಟ್ಟುವುದು, ತಲೆತಲಾಂತರದಿಂದ. ಇಲ್ಲಿ ಅತ್ತೆಯೂ ಅಮ್ಮನೇ, ಭಾವನೂ ಅಣ್ಣನೇ. ಸೊಸೆಗೆ ಅತ್ತೆಯ ಕಾಟವಿಲ್ಲ, ತವರಿಗೆ ಹೋಗುತ್ತೇನೆ ಎಂದು ಹೆದರಿಸುವ ಹಾಗೂ ಇಲ್ಲ, ಇರುವುದೇ ತವರಿನಲ್ಲಿ. ಇಂಥ ಸಂಸಾರಗಳನ್ನು ನಡೆಸುವುದರಲ್ಲಿ ಮಾತ್ರ ಈ ಮನುಷ್ಯ ನಿಸ್ಸೀಮ.

ವಂಶದ ಹಿರಿಯ ತಾಯಂದಿರು ಬೇಕು ಎಂದೆ. ಎಲ್ಲವೂ ಮರಿಗಳಿಗೆ ಹಾಲು ಕೊಡುತ್ತಿವೆಯಂತೆ.

"ಮರಿಗಳು ಹಾಲು ಬಿಡ್ಲಿ ಮೇಡಂ. ಆಮೇಲೆ ನಾನೇ ತಂದು ಕೊಡ್ತೀನಿ."

ಮಸೂರ ಬೇಕೆಂದರೆ ಇಲಿ ಸಾಯಬೇಕು. ಅದಕ್ಕೇ ನಮ್ಮಲ್ಲಿ ಮೊದಲು ಮರಿ ಹಾಕಿಸುತ್ತೇವೆ, ತಾಯಿಯೊಳಗೆ ಏನಿತ್ತೆಂದು ಆಮೇಲೆ ನೋಡುತ್ತೇವೆ. ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ ಎಂದು ನನಗೂ ಗೊತ್ತು, ಆದರೂ ಅವನ ಬಾಯಿಂದ ಕೇಳಿದಾಗ ಮೈ ಉರಿಯಿತು.

"ಇಷ್ಟು ತಣ್ಣಗಿದೀರಲ್ಲ, ನಿಮಗೆ ಹೆದರಿಕೆ ಆಗ್ತಿಲ್ವಾ?" ಎಂದು ಜೋರಾಗಿಯೇ ಕೇಳಿದೆ.

"ಇಲಿಗಳಿಗೆ ಆಗ್ತಿದೆ," ಎಂದ. "ಸ್ವಲ್ಪ ಮೆತ್ತಗೆ ಮಾತಾಡಿ."

ಹನ್ನೊಂದು ವರ್ಷ ಇವನ ಜೊತೆ ಬಾಳಿದೆನಲ್ಲ, ನನಗೆ ಯಾರಾದರೂ ಒಂದು ಪದಕ ಕೊಡಬೇಕು.

ಫೆಬ್ರುವರಿ ೧೧, ಭಾನುವಾರ

ಭಾನುವಾರ ಮಗಳು ಅಪ್ಪನ ಮನೆಗೆ ಹೋಗುವ ದಿನ. ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಒಂದು ವಾರ ತಪ್ಪಿಸಿದವಳಲ್ಲ. ಸಂಜೆ ಬಂದವಳೇ ವರದಿ ಶುರು ಮಾಡಿದಳು: ಅಪ್ಪ ಸೊರಗಿದಾರೆ, ಅಪ್ಪ ಕೆಮ್ತಾರೆ, ಅಪ್ಪ ಬರೀ ಬ್ರೆಡ್ ತಿಂದು ಮಲಗ್ತಾರೆ.

"ಇಲಿಗಳ ಜೊತೆ ಪಂಕ್ತಿಯಲ್ಲಿ ಕೂತ್ಕೊಳ್ಳೋಕೆ ಹೇಳು," ಎಂದೆ.

"ಅಮ್ಮ, ಅಪ್ಪ ಸರಿಯಾಗಿ ಕೆಲಸ ಮಾಡಿದ್ರೆ ನಿನ್ನ ಪಟ್ಟೆ ಉಳಿಯುತ್ತೆ. ತಪ್ಪು ಮಾಡಿದ್ರೆ ನಿನ್ನ ಮಾತು ಗೆಲ್ಲುತ್ತೆ. ನಿಂಗೆ ಯಾವುದು ಬೇಕು?"

"ನಂಗೆ ಒಂದು ಲೋಟ ಚಹಾ ಬೇಕು."

ಮಾಡಿಕೊಟ್ಟಳು. ಸಕ್ಕರೆ ಹಾಕದೆ. ಬೇಕೆಂದೇ ಮಾಡಿದ್ದು.

ಫೆಬ್ರುವರಿ ೧೬, ಶುಕ್ರವಾರ

ಇವತ್ತು ಮನಸಾರೆ ನಕ್ಕೆ. ಸ್ಲೈಡ್‌ರಾಯ ಓಡುತ್ತಾ ಬಂದ. ಈ ವಂಶದ ಕೆಲವು ಎಳೆ ಗಂಡುಗಳನ್ನು ತೆಗೆದುಕೊಂಡು ಹೋಗಿ ತಾನೂ ಮಸೂರ ನೋಡಿದನಂತೆ. ಎಲ್ಲಕ್ಕೂ ಪೊರೆ, ಹಾಲಿನ ಹಾಗೆ ಬೆಳ್ಳಗೆ. ಹಿಂದೆಯೇ ನಿರ್ದೇಶಕರೂ ಬಂದರು.

"ನೋಡಿ ಮೇಡಂ, ವಂಶ ಕೆಟ್ಟಿರೋದಷ್ಟೇ ಅಲ್ಲ, ಕಾಯಿಲೇನೂ ಬಂದಿದೆ. ಫೋಟೋ ಇದೆ, ಸ್ಲೈಡೂ ರೆಡಿ ಇದೆ," ಎಂದ ಸ್ಲೈಡ್‌ರಾಯ.

"ಮಸೂರ ಎಲ್ಲಿಟ್ಟಿದ್ರಿ?"

"ಫ್ರಿಜ್ಜಲ್ಲಿ. ಕೆಡಬಾರದಲ್ಲ."

ಮಸೂರವಿದ್ದ ಗಾಜಿನ ಕೊಳವೆಯನ್ನು ಅವನಿಂದ ಇಸಿದುಕೊಂಡು ಮುಷ್ಟಿಯೊಳಗೆ ಇಟ್ಟುಕೊಂಡೆ. ಅವನ ಊರು, ಓದು, ಬಾಡಿಗೆ ಮನೆ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಎಲ್ಲ ವಿಚಾರಿಸಿದೆ. ಪಾಪ, ಒಂದೊಂದಕ್ಕೂ ವಿವರವಾಗಿ ಉತ್ತರ ಹೇಳಿದ. ಆಮೇಲೆ ಮುಷ್ಟಿ ಬಿಚ್ಚಿದೆ. ಕೊಳವೆಯೊಳಗೆ ಮಸೂರ ನೀರಿನ ಹನಿಯಷ್ಟು ತಿಳಿಯಾಗಿತ್ತು. ಎಳೆ ಇಲಿಯ ಮಸೂರ ಚಳಿಗೆ ಬೆಳ್ಳಗಾಗುತ್ತದೆ, ಕೈಯ ಬಿಸಿ ತಾಗಿದರೆ ತಿಳಿಯಾಗುತ್ತದೆ. ಈ ಕೆಲಸಕ್ಕೆ ಬಂದವರೆಲ್ಲ ಒಂದು ಸಲವಾದರೂ ಇದರಲ್ಲಿ ಬೀಳುತ್ತಾರೆ. ಸ್ಲೈಡ್ ಮಾಡಿಕೊಂಡು ಬಿದ್ದವನು ಮಾತ್ರ ಇವನೊಬ್ಬನೇ.

ಅವನ ಮುಖ ಹುಳ್ಳಗಾಯಿತು. ನಿರ್ದೇಶಕರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಬಾಗಿಲ ಹತ್ತಿರ ಹೋಗಿ ಸ್ಲೈಡ್‌ರಾಯ ತಿರುಗಿ ನಿಂತ.

"ಪೊರೆ ವಿಷಯ ತಪ್ಪಾಯ್ತು ಮೇಡಂ. ಪಟ್ಟೆ ವಿಷಯ ತಪ್ಪು ಅಂತ ಇನ್ನೂ ಗೊತ್ತಾಗಿಲ್ವಲ್ಲ."

ಅದೂ ನಿಜವೇ. ನಗು ಅಲ್ಲಿಗೇ ನಿಂತಿತು.

ಫೆಬ್ರುವರಿ ೨೩, ಶುಕ್ರವಾರ

ತಾಯಂದಿರು ಬಂದವು. ಇಲಿಮನೆಯಲ್ಲಿ ಕೆಲಸದವರಿದ್ದಾರೆ, ಲಿಫ್ಟ್ ಇದೆ. ಆದರೂ ಇಲಿಯಪ್ಪ ತಾನೇ ಡಬ್ಬಗಳನ್ನು ಎತ್ತಿಕೊಂಡು, ಒಂದೂ ಅಲುಗದ ಹಾಗೆ, ಮೆಟ್ಟಿಲು ಹತ್ತಿಕೊಂಡು ಬಂದ. ಲಿಫ್ಟಿನ ಕುಲುಕಾಟಕ್ಕೆ ಗಾಬರಿಯಾಗುತ್ತವಂತೆ. ಇನ್ನು ಸ್ವಲ್ಪ ಹೊತ್ತಿಗೆ ಸಾಯುವ ಇಲಿಗಳಿಗೆ ಗಾಬರಿಯಾಗಬಾರದಂತೆ. ಪಕ್ಕದ ಸಾಲಿನ ವಂಶದವನ್ನೂ ಬೇರೆ ಡಬ್ಬದಲ್ಲಿ ತಂದಿದ್ದ, ಹೋಲಿಸಿ ನೋಡಲು.

ಒಂದೊಂದನ್ನೂ ತಾನೇ ಹಿಡಿದುಕೊಂಡ. ನಾನು ಕೆಲಸ ಮುಗಿಸುವವರೆಗೆ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿಕೊಂಡು ಮಸೂರ ತೆಗೆಯುವುದೆಂದರೆ ಆಗದ ಕೆಲಸ. ಹೋಗಿ ಎಂದು ಹೇಳಬೇಕಾಯಿತು.

"ಏನು ಬಂತು ಅಂತ..."

"ಬಂದಾಗ ಬರುತ್ತೆ. ಮೊದಲು ಡಾಕ್ಟರ ಹತ್ರ ಹೋಗಿ. ನಿಮ್ಮ ಕೆಮ್ಮಿಗೆ ನನ್ನ ಗಾಜೆಲ್ಲ ಒಡೀತಾವೆ."

ಗಾಜುಗಳ ಚಿಂತೆ ನನಗೆ. ಒಂದೊಂದಕ್ಕೂ ಬೆಲೆ ಎಷ್ಟೆಂದು ಈ ಜನಕ್ಕೆ ಗೊತ್ತಿಲ್ಲ.

ಫೆಬ್ರುವರಿ ೨೬, ಸೋಮವಾರ

ಮೊದಲ ಜೆಲ್. ನಮ್ಮ ಇಲಿ, ಪಕ್ಕದ ವಂಶದ ಇಲಿ, ಅಕ್ಕಪಕ್ಕ ಓಡಿಸಿದೆ.

ಎರಡರ ಪಟ್ಟೆಯೂ ಒಂದೇ ಜಾಗದಲ್ಲಿದೆ.

ಇದೇ ಅಲ್ಲವೇ ನನಗೆ ಬೇಕಾಗಿದ್ದದ್ದು. ಮಹಾ ಜಾಗರೂಕ, ಮಹಾ ಶುದ್ಧ, ಹೆಂಡತಿಗಿಂತ ಇಲಿ ಹೆಚ್ಚು ಎಂದುಕೊಂಡ ಮನುಷ್ಯನ ಬಂಡವಾಳ ಇಷ್ಟೇ ಎಂದು ಊರಿಗೆಲ್ಲ ಸಾರಬಹುದು. ಕೂತು ಸಂತೋಷಪಡೋಣ ಎಂದು ನೋಡಿದೆ. ಈ ದರಿದ್ರ ಕೋಣೆಯಲ್ಲಿ ಕೂರಲು ಒಂದು ನೆಟ್ಟಗಿನ ಕುರ್ಚಿ ಇಲ್ಲ.

ಜೆಲ್ ಸರಿಯಿಲ್ಲ. ಬಣ್ಣವೂ ಸರಿಯಿಲ್ಲ, ಕಳಿಸಿದ ಕಂಪನಿಗೆ ಬೆಂಕಿ ಹಾಕಬೇಕು.

ಫೆಬ್ರುವರಿ ೨೮, ಬುಧವಾರ

ಕ್ಯಾಂಟೀನಿನಲ್ಲಿ ಸ್ಲೈಡ್‌ರಾಯ ಸಿಕ್ಕಿದ.

"ಮೇಡಂ, ರಿಸಲ್ಟ್ ಬಂತಾ?"

"ಬರ್ತಾ ಇದೆ. ದಾರೀಲಿ ಯಾರೋ ಮಾತಿಗೆ ನಿಲ್ಲಿಸಿಕೊಂಡಿದಾರೆ."

ಸುಳ್ಳು ಹೇಳಲಿಲ್ಲ. ಗಿಡ್ಡ ಜೆಲ್ಲಿನಲ್ಲಿ ಅವಸರವಾಗಿ ಓಡಿಸಿದರೆ ಹತ್ತಿರ ಹತ್ತಿರದ ಪಟ್ಟೆಗಳು ಒಂದರ ಮೇಲೊಂದು ಬಿದ್ದು ಒಂದೇ ಆಗಿ ಕಾಣುತ್ತವೆ. ಉದ್ದದ ಜೆಲ್ ಬೇಕು, ನಿಧಾನ ಬೇಕು. ರಕ್ತವನ್ನೂ ಪಿತ್ತಜನಕಾಂಗವನ್ನೂ ನೋಡಬೇಕು. ಪಕ್ಕದ ಪಂಜರದ ಗಂಡು ಬಂದಿದ್ದರೆ ಕಣ್ಣಿನ ಪಟ್ಟೆಯೊಂದನ್ನೇ ಜೇಬಿನಲ್ಲಿಟ್ಟುಕೊಂಡು ಬಂದಿರಲಾರದು, ತನ್ನ ಮನೆಯ ಸಾಮಾನನ್ನೆಲ್ಲ ಹೇರಿಕೊಂಡು ಬಂದಿರುತ್ತದೆ. ಅವುಗಳಲ್ಲಿ ಒಂದೆರಡಾದರೂ ಈ ತಾಯಂದಿರಲ್ಲಿ ಸಿಗಲೇಬೇಕು.

ಇದನ್ನು ಯಾರಿಗೋಸ್ಕರವೂ ಮಾಡುತ್ತಿಲ್ಲ. ಪರೀಕ್ಷೆ ಎಂದಮೇಲೆ ಪೂರ್ತಿ ಮಾಡಬೇಕು.

ಮಾರ್ಚ್ ೫, ಮಂಗಳವಾರ

ಬೇರೆ ಬೇರೆ. ಉದ್ದದ ಜೆಲ್ಲಿನಲ್ಲಿ ನಮ್ಮ ಪಟ್ಟೆ ಒಂದು ಕೂದಲೆಳೆ ಕೆಳಗೆ, ಪಕ್ಕದ ವಂಶದ್ದು ಮೇಲೆ, ನಡುವೆ ಅಚ್ಚ ಬಿಳಿ ಸಂದು. ನಂಬದೆ ಹೊಸ ಜೆಲ್ ಹಾಕಿ ಓಡಿಸಿದೆ. ಮತ್ತೆ ಸಂದು. ರಕ್ತದಲ್ಲಿ ಆ ಗಂಡಿನ ಗುರುತು ಒಂದೂ ಇಲ್ಲ, ಪಿತ್ತಜನಕಾಂಗದಲ್ಲೂ ಇಲ್ಲ. ಯಾರೂ ನುಗ್ಗಿಲ್ಲ. ಪಟ್ಟೆ ಈ ವಂಶದಲ್ಲೇ ಹುಟ್ಟಿದ್ದು. ನನ್ನದು.

ವರದಿ ಮೊದಲು ನಿರ್ದೇಶಕರಿಗೇ ಹೋಗಬೇಕೆಂಬ ನಿಯಮ, ಆದ್ದರಿಂದ ಯಾರಿಗೂ ಹೇಳುವ ಹಾಗಿಲ್ಲ. ನೆಲಮಾಳಿಗೆಗೆ ಹೋಗಿದ್ದು ಬೇರೆ ಕೆಲಸಕ್ಕೆ. ಕೆಮ್ಮಿನ ಔಷಧಿಯ ಸೀಸೆಯೊಂದನ್ನು ಗೌನು ತೂಗುಹಾಕುವ ಕಡೆ ಇಟ್ಟು ಬಂದೆ. ಕೆಮ್ಮಿನ ಸದ್ದಿಗೆ ಬಸುರಿ ಇಲಿಗಳು ಬೆದರುತ್ತವೆ. ಅವರಿಗೆ ಇಲಿಗಳ ಕಾಳಜಿ ಅಷ್ಟಿದ್ದರೆ ಕುಡಿಯಲಿ. ಮಗಳು ರಾತ್ರಿ ಊಟಕ್ಕೆ ಕೂತಾಗ ಯಾಕಮ್ಮ ಹಾಡು ಗುನುಗ್ತಿದೀಯ ಎಂದಳು. ನಾನೇನೂ ಗುನುಗುತ್ತಿರಲಿಲ್ಲ.

ಮಾರ್ಚ್ ೧೧, ಸೋಮವಾರ

ಸಭೆ. ಉದ್ದನೆ ಮೇಜು, ಆ ತುದಿಗೆ ನಿರ್ದೇಶಕರು, ಎದುರಿಗೆ ಸ್ಲೈಡ್‌ರಾಯ, ಮೂಲೆಯಲ್ಲಿ ಕಂಬದ ಮರೆಗೆ ಇಲಿಯಪ್ಪ. ಜೆಲ್ ತೋರಿಸಿದೆ, ಸಂದು ತೋರಿಸಿದೆ, ರಕ್ತದ ಫಲಿತಾಂಶ ಓದಿದೆ. ಎಲ್ಲರೂ ತಲೆಯಾಡಿಸಿದರು. ಸ್ಲೈಡ್‌ರಾಯ ಮಾತ್ರ ಬಿಡುವ ಆಸಾಮಿಯಲ್ಲ.

"ಪಟ್ಟೆ ಬೇರೆ ಅಂತ ಒಪ್ಪಿದೆ. ಆದ್ರೆ ಬೇರೆ ಇನ್ಯಾವ ಬೆರಕೆ ಆಗಿದೆಯೋ ಯಾರಿಗೆ ಗೊತ್ತು? ಇಷ್ಟು ವರ್ಷದಲ್ಲಿ ಒಂದು ದಿನಾನೂ ಒಂದು ಪಂಜರದ ಚಿಲಕ ಬಿಟ್ಟುಹೋಗಿಲ್ಲ ಅಂತ ಯಾರು ಹೇಳ್ತಾರೆ?"

ಇಲಿಯಪ್ಪ ಬಾಯಿ ತೆರೆಯುತ್ತಾರೆಂದು ಕಾದೆ. ತಲೆ ತಗ್ಗಿಸಿ ಕೂತಿದ್ದರು. ನನಗೆ ಪಿತ್ತ ನೆತ್ತಿಗೇರಿತು.

"ನಾನು ಹೇಳ್ತೀನಿ," ಎಂದೆ. "ಈ ಮನುಷ್ಯನ ಜೊತೆ ನಾನು ಸಂಸಾರ ಮಾಡಿದೀನಿ. ಮಲಗೋ ಮುಂಚೆ ಬಾಗಿಲು ಎಳೆದು ನೋಡ್ತಿದ್ರು. ಬಂದು ಮಲಗಿ, ಮತ್ತೆ ಎದ್ದು ಹೋಗಿ ನೋಡ್ತಿದ್ರು. ಬಸ್ ಸ್ಟಾಪಿನಿಂದ ನಮ್ಮನ್ನ ವಾಪಸ್ ಕರ್ಕೊಂಡು ಬಂದು ಬೀಗ ನೋಡಿದಾರೆ. ಇಂಥವರು ಚಿಲಕ ಮರೆಯಲ್ಲ. ಮರೆಯೋ ಮನುಷ್ಯ ಆಗಿದ್ರೆ ನಾನು ಇವತ್ತಿಗೂ ಅವರ ಜೊತೆನೇ ಇರ್ತಿದ್ದೆ."

ಮೇಜಿನ ಸುತ್ತ ನಗೆ ಎದ್ದಿತು. ನಿರ್ದೇಶಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಅದನ್ನೂ ವರದಿಯಲ್ಲಿ ಸೇರಿಸಿಬಿಡಿ ಮೇಡಂ, ಚಿಲಕ ಎಂದೂ ಬಿಟ್ಟುಹೋಗಿಲ್ಲ ಅಂತ. ನಾಡಿದ್ದು ಸಹಿ ಹಾಕ್ತೀನಿ, ಇಲಿಮನೆ ಇರಲಿ," ಎಂದರು.

ಇಷ್ಟೆಲ್ಲ ಮಾಡಿದ್ದಕ್ಕೆ ಇಲಿಯಪ್ಪನವರು ಒಂದು ಮಾತೂ ಆಡದೆ ಎದ್ದು ಹೋದರು. ಕೃತಜ್ಞತೆ ಎಂಬುದು ಇಲಿಗಳಿಗಾದರೂ ಇದೆಯೋ ಏನೋ.

ಮಾರ್ಚ್ ೧೨, ಮಂಗಳವಾರ

ಮಧ್ಯಾಹ್ನ ಬಂದರು. ಡಬ್ಬ ಇಲ್ಲದೆ, ಇಲಿ ಇಲ್ಲದೆ, ಬರಿಗೈಯಲ್ಲಿ. ಬಾಗಿಲ ಹತ್ತಿರವೇ ನಿಂತರು.

"ಆ ಸಾಲು ತೆಗೆದುಬಿಡಿ ಮೇಡಂ."

"ಯಾವ ಸಾಲು?"

"ಚಿಲಕದ್ದು. ಒಂದು ಸಲ ಬಿಟ್ಟುಹೋಗಿತ್ತು."

ನಾನು ಕೈಯಲ್ಲಿದ್ದ ಕೊಳವೆಯನ್ನು ಕೆಳಗಿಟ್ಟೆ.

"ಯಾವಾಗ?"

"ನೀನು ಮಗೂನ ಕರ್ಕೊಂಡು ಹೋದೆಯಲ್ಲ, ಅವತ್ತು. ಸಂಜೆ ಇಲಿಮನೆಗೆ ಬಂದೆ. ಮೇವು ಹಾಕಿದ್ದು ನೆನಪಿದೆ. ಆಮೇಲೆ ನೆನಪಿಲ್ಲ. ಬೆಳಿಗ್ಗೆ ಬಂದು ನೋಡಿದ್ರೆ ಎರಡು ಪಂಜರ ತೆರೆದೇ ಇತ್ತು. ಪಕ್ಕದ ಗಂಡು ಇವುಗಳ ಪಂಜರದ ಮೇಲೆ ಕೂತಿತ್ತು. ಒಳಗೆ ಹೋಗಿ ಬಂದಿತ್ತೋ ಇಲ್ವೋ, ಗೊತ್ತಾಗ್ಲಿಲ್ಲ."

"ಮತ್ತೆ ನೀವು..."

"ಮರುವರ್ಷ ನಿನ್ನ ಪಟ್ಟೆ ಬಂತು. ಇದು ಅವತ್ತಿನದೇ ಅನ್ನಿಸ್ತು. ಹೇಳ್ಬೇಕು ಅಂತಾನೇ ಎರಡು ಸಲ ಮೇಲೆ ಬಂದೆ. ನೀನು ಎಲ್ಲರಿಗೂ ಅದನ್ನ ತೋರಿಸ್ತಾ ಇದ್ದೆ. ನನ್ನಿಂದ ನಿಂಗೆ ಸಿಕ್ಕಿದ್ದು ಅದೊಂದೇ. ಅದನ್ನೂ ಕಿತ್ಕೊಳ್ಳೋದಾ ಅಂತ ವಾಪಸ್ ಹೋದೆ."

ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ನಾನು ವೇದಿಕೆ ಹತ್ತಿ ಪಟ್ಟೆ ಪಟ್ಟೆ ಎಂದು ಕೂಗುವಾಗ ಹಿಂದಿನ ಸಾಲಿನಲ್ಲಿ ಕೂತು, ಇದು ಸುಳ್ಳಿರಬಹುದು ಎಂದು ತಿಳಿದೂ ಚಪ್ಪಾಳೆ ತಟ್ಟಿದಿರಲ್ಲ ಎಂದೆ. ನನ್ನ ಮೇಲೆ ಕನಿಕರ ತೋರಿಸಲು ನೀವು ಯಾರು ಎಂದೆ. ಒಂದು ಮಾತು ಹೇಳಿದ್ದರೆ ಆಗಲೇ ಉದ್ದದ ಜೆಲ್ ಓಡಿಸಿ ನೋಡುತ್ತಿರಲಿಲ್ಲವೇ ಎಂದೆ. ಎಲ್ಲ ಕೇಳಿಸಿಕೊಂಡರು. ಮೆತ್ತಗೆ ಮಾತಾಡು ಎನ್ನಲಿಲ್ಲ.

ನನ್ನ ಉಸಿರು ಒಂದು ಹದಕ್ಕೆ ಬಂದಮೇಲೆ, "ಅದು, ಆ ಸಂದು, ನಾನು ನೋಡಬಹುದಾ?" ಎಂದು ಕೇಳಿದರು. ನಿನ್ನೆ ಸಭೆಯಲ್ಲಿ ತಲೆ ಎತ್ತಿಯೇ ಇರಲಿಲ್ಲವಂತೆ.

ಜೆಲ್ ತೆಗೆದು ದೀಪದ ಪೆಟ್ಟಿಗೆಯ ಮೇಲೆ ಇಟ್ಟೆ. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಕತ್ತಿನ ಹಿಂದೆ ಕೂದಲೆಲ್ಲ ಬೆಳ್ಳಗಾಗಿದೆ, ಷರ್ಟಿನ ಕಾಲರು ಸವೆದಿದೆ. ಕಾಲರು ಸವೆದರೆ ಇನ್ನೊಂದು ಷರ್ಟು ಕೊಳ್ಳಬೇಕೆಂದು ಈ ಮನುಷ್ಯನಿಗೆ ಯಾರು ಹೇಳಬೇಕು?

"ಹಾಗಾದ್ರೆ ಅದು ಒಳಗೆ ಹೋಗಿರಲಿಲ್ಲ," ಎಂದರು.

"ಹೋಗಿರಲಿಲ್ಲ," ಎಂದೆ.

ಮಾರ್ಚ್ ೧೩, ಬುಧವಾರ

ಸಾಲು ತೆಗೆದೆ. ಅದರ ಜಾಗದಲ್ಲಿ ನಡೆದದ್ದನ್ನು ಬರೆದೆ: ಒಮ್ಮೆ ಎರಡು ಪಂಜರಗಳ ಚಿಲಕ ಹಾಕಿರಲಿಲ್ಲ, ಪಕ್ಕದ ವಂಶದ ಗಂಡು ಹೊರಬಂದಿತ್ತು, ಬೆರಕೆಯಾಗಿಲ್ಲವೆಂದು ಜೆಲ್ಲೂ ರಕ್ತವೂ ತೋರಿಸುತ್ತಿವೆ. ತೆಗೆದುಕೊಂಡು ಹೋಗಿ ನಿರ್ದೇಶಕರ ಮುಂದಿಟ್ಟೆ. ಸ್ಲೈಡ್‌ರಾಯನೂ ಅಲ್ಲೇ ಇದ್ದ. ಇರಲಿ ಎಂದುಕೊಂಡೆ.

ನಿರ್ದೇಶಕರು ಓದಿದರು. ಪೆನ್ನು ಕೆಳಗಿಟ್ಟರು.

"ಇದನ್ನ ಬರೀದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಮೇಡಂ. ಇಲಿಮನೆ ಬಗ್ಗೆ ನಾನು ಇನ್ನೊಮ್ಮೆ ಯೋಚನೆ ಮಾಡಬೇಕಾಗುತ್ತೆ."

"ಮಾಡಿ ಸರ್. ಹೇಳಿದವರು ಅವರೇ. ಹೇಳದೇ ಇರಬಹುದಿತ್ತು."

"ಮೊನ್ನೆ ನೀವೇ ಎಲ್ಲರ ಮುಂದೆ ಹೇಳಿದ್ರಿ, ಈ ಮನುಷ್ಯ ಮರೆಯೋನಲ್ಲ ಅಂತ. ಎರಡೆರಡು ಚಿಲಕ ಹೇಗೆ ಮರೆತ್ರು? ಮೇಲಿನವರು ಕಾರಣ ಕೇಳ್ತಾರೆ. ನಾನು ಏನು ಹೇಳಲಿ?"

ಜ್ವರ ಎನ್ನಬಹುದಿತ್ತು. ದಣಿವು ಎನ್ನಬಹುದಿತ್ತು. ಕಾರಣಗಳಿಗೇನು, ಬೇಕಾದಷ್ಟು ಸಿಗುತ್ತವೆ.

"ಅವತ್ತು ನಾನು ಅವರನ್ನ ಬಿಟ್ಟು ಹೋಗಿದ್ದೆ ಸರ್," ಎಂದೆ.

ಈ ಸಲ ಯಾರೂ ನಗಲಿಲ್ಲ. ಸ್ಲೈಡ್‌ರಾಯ ಕಿಟಕಿಯ ಕಡೆ ತಿರುಗಿ, "ಜೆಲ್ ಸರಿಯಾಗಿದೆ ಸರ್, ನಂದೇನೂ ತಕರಾರಿಲ್ಲ," ಎಂದ. ನಿರ್ದೇಶಕರು ಪೆನ್ನು ಎತ್ತಿಕೊಂಡು ಸಹಿ ಹಾಕಿದರು.

ಹೊರಗೆ ಬಂದೆ. ಇಲಿಮನೆ ಉಳಿಯಿತೆಂದು ಕೆಳಗೆ ಹೋಗಿ ಹೇಳಬೇಕಿತ್ತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸೂಟ್‌ಕೇಸು ಹಿಡಿದು ಮಗಳ ಜೊತೆ ಹೊರಟಾಗ ಅವರು ತಲೆ ಎತ್ತಿರಲಿಲ್ಲ, ಒಂದು ಮಾತು ಆಡಿರಲಿಲ್ಲ. ಇಷ್ಟು ವರ್ಷವೂ, ನಾನು ಹೋದದ್ದು ಆ ಮನುಷ್ಯನಿಗೆ ಗೊತ್ತೇ ಆಗಲಿಲ್ಲ ಎಂದುಕೊಂಡಿದ್ದೆ.